ಹೈದರಾಬಾದಕ್ಕೆ ಗಿಣ್ಣ

ಕೌಜಲಗಿಯ ಸುಂದ್ರವ್ವನಿಗೆ ‘ಆಗೂದಿಲ್ಲ’ ಅಂತ ಯಾರಾದರೂ ಅಂದರೆ ಸಾಕು, ಆಕೆ ಮೊದಲು ಸೆರಗನ್ನು ಸೊಂಟಕ್ಕೆ ಸಿಗಿಸುತ್ತಿದ್ದಳು. ಮಾತು ಆಮೇಲೆ. ಈ ಗುಣ ಆಕೆಗೆ ಗೋಕಾಕ ಫಾಲ್ಸಿನಿಂದ ಬಂದದ್ದು ಅಂತ ಗಂಡನ ಮನೆಯವರು ಆಡಿಕೊಳ್ಳುತ್ತಿದ್ದರು. ಆಕೆಯ ಅಪ್ಪ ಅಲ್ಲಿಯ ಗಿರಣಿಯಲ್ಲಿ ದುಡಿದವನು. ಮನೆಯೊಳಗೆ ಒಂದು ಲೋಟ ನೀರು ಕೇಳಬೇಕಾದರೂ ಗಿರಣಿಯ ಸದ್ದನ್ನು ಮೀರಿ ಕೇಳಬೇಕು, ಮಳೆಗಾಲ ಬಂತೆಂದರೆ ಧಬಧಬೆಯ ಸದ್ದನ್ನೂ ಮೀರಬೇಕು. ಹಾಗೆ ಬೆಳೆದ ಹುಡುಗಿ ಮೆತ್ತಗೆ ಮಾತಾಡುವುದನ್ನು ಎಲ್ಲಿ ಕಲಿತಾಳು?

ಗಂಡ ಪರಶುರಾಮ ಇದಕ್ಕೆ ತಕ್ಕ ಜೋಡಿ, ಅಂದರೆ ತೀರ ಉಲ್ಟಾ. ಅಣ್ಣ ರಾಜಪ್ಪನ ಎದುರು ಅವನ ಬಾಯಿಂದ ಹೊರಬೀಳುತ್ತಿದ್ದದ್ದು ಎರಡೇ ಮಾತು: ‘ಹೂಂ’ ಮತ್ತು ‘ಆತು’. ಊರಿನ ಹೆಂಗಸರು ಸುಂದ್ರವ್ವನನ್ನು ಕೆಣಕುತ್ತಿದ್ದರು, ನಿನ್ನ ಗಂಡಗ ಮಾತು ಬರತಾವೋ ಇಲ್ಲೋ ಅಂತ. ಬರತಾವ, ಆದ್ರ ಅಣ್ಣನ ಕಡೆ ಅಡ ಇಟ್ಟಾನ, ಅಂತ ಈಕೆ ನಗುತ್ತಿದ್ದಳು. ನಗುತ್ತಲೇ ಸಂಸಾರ ಕಟ್ಟಿದಳು. ಡೇರಿಗೆ ಹಾಲು ಹಾಕಲು ಹೋದಾಗ ಅಲ್ಲಿಯವನು ಗಂಡಸರ ಹೆಸರಿನಲ್ಲಿ ಮಾತ್ರ ಅಂದ. ಆಗೂದಿಲ್ಲ ಅಂದ. ಈಕೆ ಕ್ಯಾನು ಎತ್ತಿಕೊಂಡು ವಾಪಸು ಬಂದು, ಆ ವಾರವೆಲ್ಲ ಬೆಣ್ಣೆ ಕಡೆದು ಸಂತೆಯಲ್ಲಿ ಮಾರಿದಳು. ಊರಿನಲ್ಲಿ ಅಷ್ಟು ಗಟ್ಟಿ ಹಾಲು ಇನ್ನೊಂದು ಮನೆಯಲ್ಲಿ ಇರಲಿಲ್ಲ. ಕೊನೆಗೆ ಡೇರಿಯವನೇ ಸೈಕಲ್ ಹತ್ತಿ ಬಂದು, ನಿಮ್ಮ ಹೆಸರಲೇ ಹಾಕ್ರಿ ಯವ್ವಾ ಅಂದ.

ಮಗಳು ಕಾಜಲ್ ರಕ್ತ ತಪಾಸಣೆಯ ಕೋರ್ಸು ಮಾಡುತ್ತೇನೆ ಅಂದಾಗಲೂ ಹಾಗೇ. ಕಂಡಕಂಡ ಗಂಡಸರ ತೋಳು ಹಿಡಿದು ಸೂಜಿ ಚುಚ್ಚುವ ಹುಡುಗಿಯನ್ನು ನಾಳೆ ಯಾರು ಮಾಡಿಕೊಳ್ಳುತ್ತಾರೆ ಅಂತ ರಾಜಪ್ಪ ಕೇಳಿದ. “ರಕ್ತದಾಗ ಗಂಡು ಹೆಣ್ಣು ಇರತೈತೇನ್ರಿ ಭಾವಾರ” ಅಂದಳು ಸುಂದ್ರವ್ವ. ಕಾಜಲ್ ಗೋಕಾಕದಲ್ಲಿ ಕೋರ್ಸು ಮುಗಿಸಿ ಅಲ್ಲೇ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ನಿಂತಳು. ಮೊದಲ ಪಗಾರದಲ್ಲಿ ದೊಡ್ಡಪ್ಪನಿಗೆ ರುಮಾಲು ತಂದಳು. ಅವನು ಅದನ್ನು ಸುತ್ತಿಕೊಂಡು ಇಡೀ ಊರು ತಿರುಗಿ ಬಂದ. ರಾಜಪ್ಪ ಕೆಟ್ಟವನಲ್ಲ. ಅದೇ ಸುಂದ್ರವ್ವನ ತೊಂದರೆ. ಕೆಟ್ಟವನಾಗಿದ್ದರೆ ಜಗಳ ಸಸಾರವಾಗುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಎಮ್ಮೆ ಈದರೆ ಗಿಣ್ಣದ ಹಾಲು ಮೊದಲು ದೇವರಿಗೆ, ಆಮೇಲೆ ಓಣಿಯವರಿಗೆ, ಆಮೇಲೆ ಕೊಟ್ಟ ಹೆಣ್ಣುಮಕ್ಕಳ ಮನೆಗೆ. ಇಷ್ಟು ಎಲ್ಲ ಕಡೆ ಇದ್ದದ್ದೇ. ಈ ಮನೆಯವರು ಅದಕ್ಕೆ ಇನ್ನೊಂದು ಗಂಟು ಹಾಕಿದ್ದರು: ಹಸಿ ಗಿಣ್ಣದ ಹಾಲು ಕೆಡದೆ ಹೋಗಿ ಮುಟ್ಟಬೇಕು, ಮಗಳ ಮನೆಯ ಒಲೆಯ ಮೇಲೆಯೇ ಅದು ಗಟ್ಟಿಯಾಗಬೇಕು, ಅಷ್ಟು ದೂರಕ್ಕೆ ಮಾತ್ರ ಹೆಣ್ಣು ಕೊಡಬೇಕು. ಮೂಡಲಗಿ ಆಯಿತು, ಗೋಕಾಕ ಆಯಿತು, ಹುಕ್ಕೇರಿ ಬಹಳವಾಯಿತು. ಅದರಾಚೆ ಬೇಡ.

ಈ ಗಂಟು ಹಾಕಿದವಳು ಸುಂದ್ರವ್ವನ ಅತ್ತೆ. ಸುಮ್ಮನೆ ಹಾಕಿದ್ದಲ್ಲ. ರಾಜಪ್ಪನ ತಂಗಿ ಕಾಶೆವ್ವನನ್ನು ದೂರದ ಭಿವಂಡಿಗೆ, ಮಗ್ಗದ ಕೆಲಸದವನಿಗೆ ಕೊಟ್ಟಿದ್ದರು. ಅಲ್ಲಿ ಆಕೆ ಜಡ್ಡಿಗೆ ಬಿದ್ದು, ತವರಿನವರು ಹೋಗಿ ಮುಟ್ಟುವುದರೊಳಗೆ ತೀರಿಹೋದಳು. ಮುಂದೆ ಎಷ್ಟೋ ವರ್ಷ, ಮನೆಯಲ್ಲಿ ಎಮ್ಮೆ ಈದಾಗಲೆಲ್ಲ ಅತ್ತೆ ಕಾಶೆವ್ವನ ಪಾಲೆಂದು ಒಂದು ಚರಿಗೆ ಹಾಲು ತೆಗೆದಿಡುತ್ತಿದ್ದಳು. ಅದು ಅಲ್ಲೇ ಒಡೆದು ನಾರುತ್ತಿತ್ತು. ಮೂರನೆಯ ದಿನ ಅದನ್ನು ತಿಪ್ಪೆಗೆ ಚೆಲ್ಲುವ ಕೆಲಸ ಹೊಸ ಸೊಸೆ ಸುಂದ್ರವ್ವನದಾಗಿತ್ತು. ಚೆಲ್ಲಿ ಬಂದ ಮೇಲೆ ಅತ್ತೆ ಆಕೆಯ ಮೋರೆ ನೋಡುತ್ತಿರಲಿಲ್ಲ. ಹಾಗಾಗಿ ಆ ಕಟ್ಟಳೆಯನ್ನು ಎದುರಿಸುವುದೆಂದರೆ ಸತ್ತವರನ್ನು ಎದುರಿಸಿದ ಹಾಗೆ. ಸುಂದ್ರವ್ವ ಕೂಡ ಅದರ ತಂಟೆಗೆ ಹೋಗಿರಲಿಲ್ಲ, ಗಜಾನನ ಬರುವ ತನಕ.

ಗಜಾನನ ಹುಕ್ಕೇರಿ ತಾಲೂಕಿನ ಕಣಗಲಾದ ಹುಡುಗ. ಹೆದ್ದಾರಿಯ ಬಾಜೂ ಹುಟ್ಟಿದವನು, ನಡೆಯುವ ಮೊದಲೇ ಅಪ್ಪನ ಲಾರಿಯ ಸ್ಟೇರಿಂಗ್ ಹಿಡಿದವನು. ಹೊಸ ಕೆಲಸಕ್ಕೆ ಆರೋಗ್ಯದ ಸರ್ಟಿಫಿಕೇಟ್ ಬೇಕು ಅಂತ ಗೋಕಾಕದ ಲ್ಯಾಬಿಗೆ ಬಂದಿದ್ದ. ಸೂಜಿ ನೋಡಿದ್ದೇ ಬೆವತು ಬೆಂಚಿನ ಮೇಲೆ ಒರಗಿಬಿಟ್ಟ. ಇಷ್ಟು ದೊಡ್ಡ ದೇಹ, ಇಷ್ಟು ಸಣ್ಣ ಧೈರ್ಯ ಅಂತ ಕಾಜಲ್ ನಕ್ಕಳು. ರಿಪೋರ್ಟು ಒಯ್ಯಲು ಎರಡು ಸಲ ಬಂದ. ಒಂದು ಸಲ ಬಂದರೆ ಸಾಕಿತ್ತು. ಆಮೇಲೆ ಅವನ ತಾಯಿ ಗುಡ್ಡವ್ವ ರೀತಿಪ್ರಕಾರ ಕೌಜಲಗಿಗೆ ಬಂದು ಹೆಣ್ಣು ಕೇಳಿದಳು. ಜಾತಿ ಕೂಡಿತು, ಮನೆತನ ಕೂಡಿತು, ಹುಡುಗ ಹುಡುಗಿಯಂತೂ ಎಂದೋ ಕೂಡಿದ್ದರು. ಕೂಡದೆ ಉಳಿದದ್ದು ಒಂದೇ. ಆ ಹೊಸ ಕೆಲಸ ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿತ್ತು. ತಾಯಿ ಮಗ ಇಬ್ಬರೂ ಅಲ್ಲಿಯೇ ಮನೆ ಹಿಡಿದಿದ್ದರು.

ವಿಮಾನದಾಗ ಏನ್ ಕೆಲಸ ಅಂತ ರಾಜಪ್ಪ ಕೇಳಿದ್ದ. ವಿಮಾನದಿಂದ ಇಳಿದವರನ್ನು ಬಾಗಿಲಿನ ತನಕ ತಂದು ಬಿಡುವ ಬಸ್ಸು ಹೊಡೆಯುತ್ತೇನೆ ಅಂತ ಗಜಾನನ ಅಂದ. “ಅಂದ್ರ ಮಂದಿ ಮ್ಯಾಲಿಂದ ಹಾರಿ ಬಂದು ನಿನ್ನ ಬಸ್ಸಿನ್ಯಾಗ ಜೋತಾಡತಾರ” ಅಂದ ರಾಜಪ್ಪ, ಎಲ್ಲರೂ ನಕ್ಕರು. ನಗೆ ಮುಗಿದ ಮೇಲೆ ಅವನು ಎದ್ದು ನಿಂತು, ಹುಡುಗ ಛಲೋ ಅದಾನ, ಆದರೆ ದೂರ ಆತು ಅಂದು ರುಮಾಲು ಝಾಡಿಸಿದ. ಮಾತು ಮುಗಿಯಿತು ಎಂಬುದಕ್ಕೆ ಆ ಮನೆಯಲ್ಲಿ ಅದೇ ಗುರುತು.

ಅವತ್ತು ಕಾಜಲ್ ಅಳಲಿಲ್ಲ. ಉಣ್ಣಲೂ ಇಲ್ಲ. ತಾಯಿಯ ಬಾಜೂ ಬಂದು ಕೂತು ಮೊಬೈಲ್ ತೆರೆದು ತೋರಿಸಿದಳು. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೈದರಾಬಾದಿಗೆ ಹಕ್ಕಿ ಹಾರಿದ ಹಾಗೆ ಅಳೆದರೆ ನಾನೂರ ಮೂವತ್ತು ಚಿಲ್ಲರೆ ಕಿಲೋಮೀಟರು. ರಸ್ತೆ ಹಿಡಿದರೆ ರಾತ್ರಿಯೆಲ್ಲ ಬಸ್ಸು. ವಿಮಾನಕ್ಕೆ ಒಂದು ತಾಸು, ಮೇಲೆ ಸ್ವಲ್ಪ. ಸುಂದ್ರವ್ವ ಆ ನೀಲಿ ಗೆರೆಯನ್ನು ಬೆರಳಿನಿಂದ ಸವರಿ ನೋಡಿದಳು. ಗೆರೆಗೆ ಎಲ್ಲಿಯೂ ತಿರುವಿಲ್ಲ, ಹಳ್ಳವಿಲ್ಲ, ಗೇಟಿಲ್ಲ. ಗೋಕಾಕಕ್ಕೆ ಹೋಗಿ ಸಂತೆ ಮಾಡಿಕೊಂಡು ಬರುವುದರೊಳಗೆ ಮನುಷ್ಯ ಹೈದರಾಬಾದ್ ಮುಟ್ಟಿ ಚಹಾ ಕುಡಿದಿರುತ್ತಾನೆ. ಮತ್ತೆ ಯಾವ ದೂರದ ಮಾತು ಇದು?

ಮರುದಿನ ಕೊಟ್ಟಿಗೆಯಲ್ಲಿ ಭಾವನಿಗೆ ಇದನ್ನೇ ಹೇಳಿದಳು. ಮುರ್ರಾ ಎಮ್ಮೆ ತುಂಬಿದ ಹೊಟ್ಟೆ ಹೊತ್ತು ನಿಂತಿತ್ತು, ಇವತ್ತೋ ನಾಳೆಯೋ ಅನ್ನುವ ಹಾಗೆ. ರಾಜಪ್ಪ ಅದರ ಬೆನ್ನು ಸವರುತ್ತ ಎಲ್ಲ ಕೇಳಿದ. ಆಮೇಲೆ ಅಂದ:

“ಹಂಗಾರ ಈ ಎಮ್ಮಿ ಈದ ದಿನ ಹಸಿ ಗಿಣ್ಣ ಹೈದರಾಬಾದಕ್ಕ ಮುಟ್ಟಿಸು. ಆ ಗುಡ್ಡವ್ವನ ಒಲಿ ಮ್ಯಾಲೆ ಗಟ್ಟಿ ಆತಂದ್ರ, ನಾನ ಮುಂದ ನಿಂತು ಲಗ್ನಾ ಮಾಡತೇನಿ.”

ಆಗದ ಮಾತು ಎಂಬ ಧೈರ್ಯದ ಮೇಲೆ ಆಡಿದ್ದು ಅದು. ನಗುತ್ತಲೇ ಆಡಿದ್ದ. ಸುಂದ್ರವ್ವ ಸೆರಗು ಸಿಗಿಸಿದಳು.

ಮಾರನೆಯ ನಸುಕಿನಲ್ಲಿ ಎಮ್ಮೆ ಹೆಣ್ಣು ಕರು ಹಾಕಿತು. ಹೊತ್ತು ಏರುವಷ್ಟರಲ್ಲಿ ಮಾಸು ಬಿದ್ದು, ಕರು ಎದ್ದು ಮೊಲೆಗೆ ಬಾಯಿ ಹಾಕಿತು. ಕರು ಕುಡಿದು ಉಳಿದದ್ದನ್ನು ಸುಂದ್ರವ್ವ ಹಿಂಡಿದಳು, ಅರಿಶಿಣ ಕಲೆಸಿದ ಹಾಗೆ ದಟ್ಟ ಹಳದಿ ಹಾಲು. ಕಾಜಲ್ ತನ್ನ ಪಗಾರದಿಂದ ಅವತ್ತಿನ ಮಧ್ಯಾಹ್ನದ ಟಿಕೆಟ್ ತೆಗೆದಳು. ಥರ್ಮಾಸಿನಲ್ಲಿ ಐಸ್ ಇಟ್ಟು ಒಯ್ಯಿ ಅಂದಳು. ಅದಕ್ಕೆ ಸುಂದ್ರವ್ವ ಒಪ್ಪಲಿಲ್ಲ. ಐಸ್ ಇಟ್ಟರೆ ಎಮ್ಮೆಯನ್ನೇ ದಿಲ್ಲಿಗೆ ಕಳಿಸಬಹುದು, ಅದೇನು ಗೆದ್ದ ಹಾಗಾಯಿತು? ಹಿತ್ತಾಳೆಯ ಕಿಟ್ಲಿಗೆ ಹಾಲು ಸುರಿದು, ಮುಚ್ಚಳದ ಸುತ್ತ ಒದ್ದೆ ಅರಿವೆ ಬಿಗಿದು, ಪರಶುರಾಮನ ಗಾಡಿಯ ಹಿಂದೆ ಕೂತಳು. ರಾಜಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಗೆ ಇರಲಿಲ್ಲ. ನೀನು ಖರೆನ ಹೊಂಟೀಯೇನು ಅಂತ ಮಾತ್ರ ಕೇಳಿದ.

ಯರಗಟ್ಟಿ, ನೇಸರಗಿ ದಾಟಿ ಸಾಂಬ್ರಾ ಮುಟ್ಟುವಷ್ಟರಲ್ಲಿ ಸುಂದ್ರವ್ವನ ಲೆಕ್ಕದ ಮೊದಲ ತಪ್ಪು ತಿಳಿಯಿತು. ಮೊಬೈಲಿನ ನೀಲಿ ಗೆರೆ ಸಾಂಬ್ರಾದಿಂದ ಶುರುವಾಗಿತ್ತು. ಆಕೆಯ ಅಂಗಳದಿಂದ ಅಲ್ಲ. ರಸ್ತೆಯ ಎರಡೂ ಕಡೆ ಕಬ್ಬಿನ ಟ್ರ್ಯಾಕ್ಟರು, ನಡುವೆ ಕುರಿಹಿಂಡು. ತೊಡೆಯ ಮೇಲಿನ ಕಿಟ್ಲಿ ಪ್ರತಿ ತಗ್ಗಿಗೂ ತುಳುಕಿ ಸೀರೆ ಹಳದಿಯಾಯಿತು. ಎರಡನೆಯ ತಪ್ಪು ನಿಲ್ದಾಣದ ಒಳಗೆ ಕಾದಿತ್ತು. ಬಸ್ಸಿನ ಹಾಗೆ ಓಡಿಹೋಗಿ ಹತ್ತುವುದಲ್ಲ, ಬಹಳ ಮೊದಲೇ ಬಂದು ಕೂಡಬೇಕು. ಅದು ಕಾಜಲಳಿಗೆ ಗೊತ್ತಿತ್ತು, ಹೇಳಿದ್ದಳು. ಸುಂದ್ರವ್ವ ಅದನ್ನು ದಾರಿಯ ಲೆಕ್ಕಕ್ಕೆ ಸೇರಿಸಿರಲಿಲ್ಲ, ಅಷ್ಟೇ. ಕೂಡುವುದೂ ದಾರಿ ಎಂದು ಯಾರು ತಿಳಿಯುತ್ತಾರೆ?

ಮೂರನೆಯದು ದೊಡ್ಡದು. ಟಿಕೆಟ್ ನೋಡುವ ಕಟ್ಟೆಯ ಹುಡುಗಿ ಕಿಟ್ಲಿ ನೋಡಿ, ಇದರಾಗ ಏನೈತ್ರಿ ಅಂತ ಕೇಳಿದಳು. ಹುಡುಗಿ ಈ ಕಡೆಯವಳೇ, ಮಾತು ಮೆತ್ತಗಿತ್ತು, ಆದರೆ ಕಾಯ್ದೆ ಮೆತ್ತಗಿರಲಿಲ್ಲ. ಹಾಲು ಕೈಯಲ್ಲಿ ಒಯ್ಯಲು ತಪಾಸಣೆಯವರು ಬಿಡುವುದಿಲ್ಲ. ವಿಮಾನದ ಹೊಟ್ಟೆಯಲ್ಲಿ ಸಾಮಾನಿನ ಜೊತೆ ಹಾಕೋಣವೆಂದರೆ ಅರಿವೆ ಕಟ್ಟಿದ ಮುಚ್ಚಳ ಸೋರುತ್ತದೆ, ಅದೂ ಆಗುವುದಿಲ್ಲ. ಜೊತೆಗೆ ಇನ್ನೊಂದು ಮಾತು ಹೇಳಿದಳು: ಹೈದರಾಬಾದಿನ ಕಡೆ ಮೋಡ ಕವಿದಿದೆ, ಅಲ್ಲಿಂದ ಬರಬೇಕಾದ ವಿಮಾನವೇ ಇನ್ನೂ ಹೊರಟಿಲ್ಲ, ಎಷ್ಟು ತಡವಾಗುತ್ತದೋ ಹೇಳಲಾಗುವುದಿಲ್ಲ.

ಸುಂದ್ರವ್ವ ಹೊರಗೆ ಬಂದಳು. ಪರಶುರಾಮ ಇನ್ನೂ ಹೋಗಿರಲಿಲ್ಲ, ಗೇಟಿನಾಚೆ ಚಹಾದಂಗಡಿಯ ನೆರಳಿನಲ್ಲಿ ನಿಂತಿದ್ದ. ಅಂಗಡಿ ಇಂದ್ರವ್ವ ಅಂಬುವವಳದು. ಕಿಟ್ಲಿಯ ಅರಿವೆ ಬಿಚ್ಚಿ ಮೂಸಿ ನೋಡಿದಳು ಸುಂದ್ರವ್ವ. ಹಾಲು ಇನ್ನೂ ಒಳ್ಳೆಯದಿತ್ತು, ಆದರೆ ಬಿಸಿಲಿಗೆ ಕಾದ ಹಿತ್ತಾಳೆಯ ವಾಸನೆ ಹತ್ತಿತ್ತು. ಸಂಜೆಯ ತನಕ ಇದು ನಿಲ್ಲುವುದಿಲ್ಲ. ಆಕೆಗೆ ತಟ್ಟನೆ ಆ ಹಳೆಯ ಚರಿಗೆ, ಆ ನಾತ, ತಿಪ್ಪೆಯ ದಾರಿ ಕಣ್ಣೆದುರು ಬಂತು. ಹೀಗೇ ತಿರುಗಿ ಹೋದರೆ ರಾಜಪ್ಪ ಬೈಯುವುದಿಲ್ಲ, ಆಡಿಕೊಳ್ಳುವುದೂ ಇಲ್ಲ. ‘ನಾ ಹೇಳಿದ್ದೆ’ ಎಂಬ ಹಾಗೆ ರುಮಾಲು ಝಾಡಿಸುತ್ತಾನೆ. ಕಾಜಲ್ ಮತ್ತೆ ಅಳುವುದಿಲ್ಲ, ಉಣ್ಣುವುದೂ ಇಲ್ಲ.

ಇಂದ್ರವ್ವ ಎಲ್ಲ ಕೇಳಿಸಿಕೊಂಡು, ಒಲೆಯ ಮೇಲಿದ್ದ ಚಹಾದ ಪಾತ್ರೆ ಇಳಿಸಿದಳು. “ಹಾಲಿಗೆ ಬ್ಯಾಡ ಅಂತಾರು. ಗಿಣ್ಣಕ್ಕ ಏನಂತಾರು? ಇಲ್ಲೇ ಬೇಯಿಸು ತಂಗಿ. ಬೆಲ್ಲ ನನ್ನ ಕಡೆ ಐತಿ. ಯಾವ ಒಲಿ ಮ್ಯಾಲೆ ಗಟ್ಟಿ ಆತಂತ ಗಿಣ್ಣ ಏನ್ ಬಾಯಿ ಬಿಟ್ಟು ಹೇಳತೈತಿ?”

ಸುಂದ್ರವ್ವ ಗಂಡನ ಮುಖ ನೋಡಿದಳು. ಇಲ್ಲಿ ಬೇಯಿಸಿದರೆ ಪಂತ ಸೋತ ಹಾಗೆ. ಬೆಂದ ಗಿಣ್ಣ ಎರಡು ದಿನ ಇರುತ್ತದೆ, ಅದನ್ನು ರಾತ್ರಿ ಬಸ್ಸಿನಲ್ಲಿಯೂ ಕಳಿಸಬಹುದು, ಅದಕ್ಕೆ ವಿಮಾನ ಯಾಕೆ ಬೇಕು ಅಂತಾನೆ ರಾಜಪ್ಪ. ಪರಶುರಾಮ ಬಹಳ ಹೊತ್ತು ಗಾಡಿಯ ಕನ್ನಡಿ ಒರೆಸಿದ. ಆಮೇಲೆ ಮೂವತ್ತು ವರ್ಷದಲ್ಲಿ ಆಡದ ಮಾತು ಆಡಿದ.

“ನೀ ಹೋಗು. ಅಣ್ಣಗ ನಾ ಹೇಳತೇನಿ.”

“ಏನಂತ ಹೇಳತೀರಿ?”

‘ಹೂಂ’ ಮತ್ತು ‘ಆತು’ಗಳ ನಡುವೆ ಅಷ್ಟೊಂದು ಜಾಗ ಇರಲಿಲ್ಲ. ಸುಂದ್ರವ್ವನಿಗೆ ಸಿಟ್ಟು ಬರಲಿಲ್ಲ, ನಗೆ ಬಂತು, ಕಣ್ಣಿನ ತುದಿ ಒದ್ದೆಯೂ ಆಯಿತು. ನೀವು ಹೇಳಬ್ಯಾಡ್ರಿ, ನಿಮಗ ಅಷ್ಟ ಅನಿಸಿದ್ದ ಸಾಕು, ಹೇಳೂದು ನಾ ಹೇಳತೇನಿ, ಅಂದಳು. ಬೆಲ್ಲ ಕುಟ್ಟಿದಳು.

ಹಾಲನ್ನು ಇಂದ್ರವ್ವನ ಒಂದು ಡಬ್ಬಿಗೆ ಸುರಿದು ಬೆಲ್ಲ ಬೆರೆಸಿ, ನೀರಿಟ್ಟ ದೊಡ್ಡ ಪಾತ್ರೆಯಲ್ಲಿ ಇಳಿಸಿ ಮುಚ್ಚಿದರು. ಹಾಲು ಬೆಲ್ಲದ ಜೊತೆ ಸೇರಿ ನಿಧಾನಕ್ಕೆ ಗಟ್ಟಿಯಾಗುವ ಪರಿಮಳ ಗೇಟಿನ ತನಕ ಹೋಗಿ, ಇಬ್ಬರು ಕಾರಿನ ಚಾಲಕರನ್ನು ಎಳೆದು ತಂದಿತು. ಚೂರಿ ಚುಚ್ಚಿ ನೋಡಿದರೆ ಒಂದು ಹನಿಯೂ ಅಂಟಲಿಲ್ಲ. ಇಂದ್ರವ್ವನಿಗೆ, ಚಾಲಕರಿಗೆ ಒಂದೊಂದು ತುಂಡು ಕೊಟ್ಟು, ಉಳಿದದ್ದನ್ನು ಡಬ್ಬಿಯಲ್ಲೇ ಆರಿಸಿ ಸುಂದ್ರವ್ವ ಮತ್ತೆ ಒಳಗೆ ಹೋದಳು. ತಡವಾದ ವಿಮಾನದಿಂದ ಒಂದು ಉಪಕಾರ ಆಗಿತ್ತು: ಬೇಯಿಸಲು ಹೊತ್ತು ಸಿಕ್ಕಿತ್ತು.

ತಪಾಸಣೆಯ ಹೆಣ್ಣುಮಗಳು ಡಬ್ಬಿ ತೆರೆಸಿದಳು. ಖಾಕಿ ಅಂಗಿ, ಬಿಗಿದ ಮುಖ. ಏನಿದು ಅಂತ ಹಿಂದಿಯಲ್ಲಿ ಕೇಳಿದಳು. ಸುಂದ್ರವ್ವ ಗಿಣ್ಣ ಅಂದಳು, ಅರ್ಥವಾಗಲಿಲ್ಲ. ಎಮ್ಮಿ, ಕರು ಅಂದಳು, ಕೈಯಿಂದ ಹಿಂಡಿಯೂ ತೋರಿಸಿದಳು. ಹಿಂದೆ ನಿಂತವರು ನಗಲು ಶುರುಮಾಡಿದರು. ಖಾಕಿಯವಳು ಡಬ್ಬಿಯ ಮೇಲೆ ಬಗ್ಗಿದಳು, ಉಸಿರು ಒಳಗೆ ಎಳೆದಳು, ಮುಖದ ಬಿಗಿ ಸಡಿಲಿತು. ಖರವಸ ಅಂತ ಮರಾಠಿಯಲ್ಲಿ ಮೆಲ್ಲಗೆ ಅಂದಳು, ತನ್ನ ಊರಿನ ಹೆಸರು ಹೇಳಿದ ಹಾಗೆ. ಸುಂದ್ರವ್ವ ಒಂದು ತುಂಡು ತೆಗೆದು ನೀಡಿದಳು. ಕೆಲಸದ ಮೇಲೆ ತಿನ್ನುವ ಹಾಗಿಲ್ಲ ಅಂತ ಆಕೆ ತಲೆ ಅಲ್ಲಾಡಿಸಿ ಡಬ್ಬಿ ಮುಚ್ಚಿ ಕೊಟ್ಟಳು. ಕೊಡುವಾಗ ಮುಚ್ಚಳದ ಮೇಲೆ ಕೈ ಒಂದು ಗಳಿಗೆ ನಿಂತಿತು.

ವಿಮಾನ ನೋಡಿ ಸುಂದ್ರವ್ವನಿಗೆ ಮೊದಲು ಅನಿಸಿದ್ದು, ಇದಕ್ಕೂ ಪಂಕಾ ಇದೆಯಲ್ಲ ಅಂತ. ರೆಕ್ಕೆಗೊಂದರಂತೆ ಎರಡು ದೊಡ್ಡ ಪಂಕಾ. ಒಳಗೆ ಹಿಂದಿನ ಸಾಲಿನಲ್ಲಿ ಕಿಟಕಿ ಸಿಕ್ಕಿತು. ಮೇಲೆ ಏರುವಾಗ ಡಬ್ಬಿಯನ್ನು ಗಟ್ಟಿಯಾಗಿ ಅವಚಿಕೊಂಡಳು. ಮೋಡಗಳ ನಡುವೆ ಹೊಲಗಳು ಕಂಡವು, ಕೌದಿಯ ತುಂಡುಗಳ ಹಾಗೆ. ಅಲ್ಲೆಲ್ಲೋ ತನ್ನ ಕೊಟ್ಟಿಗೆಯೂ ಇರಬೇಕು ಅಂತ ಹುಡುಕಿದಳು. ಆಮೇಲೆ ಬಿಳಿ ಮೋಡ ಮುಚ್ಚಿಕೊಂಡು ಏನೂ ಕಾಣಲಿಲ್ಲ.

ಏನೂ ಕಾಣದಾಗ ಕಾಶೆವ್ವ ನೆನಪಾದಳು. ನೋಡದ ನಾದಿನಿ. ಅತ್ತೆ ಸಾಯುವ ಮುಂದೆ ಒಂದು ಸಂಜೆ ಸುಂದ್ರವ್ವನ ಕೈ ಹಿಡಿದು ಎಲ್ಲ ಹೇಳಿದ್ದಳು. ಭಿವಂಡಿಯಿಂದ ಕಾಶೆವ್ವನಿಗೆ ಜಡ್ಡು ಎಂಬ ತಾರು ಬಂದದ್ದು ಕಬ್ಬು ಕಡಿಯುವ ದಿನಗಳಲ್ಲಿ. ಫ್ಯಾಕ್ಟರಿಯಿಂದ ಕಬ್ಬಿನ ಪಾಳಿ ಬಂದಿತ್ತು, ಗಾಡಿ ತುಂಬಿಸಿಯೇ ಹೊರಡೋಣ ಅಂತ ಮನೆಯ ಗಂಡಸರು ಅಂದರು. ಒಂದು ಗಾಡಿ ಎರಡಾಯಿತು, ಎರಡು ನಾಲ್ಕಾಯಿತು. ನಾನಾದರೂ ಎದ್ದು ಹೋಗಬೇಕಿತ್ತು, ಹೆಂಗಸು ಒಬ್ಬಳೇ ಹೆಂಗ ಹೋಗಲಿ ಅಂತ ಕೂತೆ, ಅಂದಿದ್ದಳು ಅತ್ತೆ. ಆ ಮಾತು ಸುಂದ್ರವ್ವ ಯಾರ ಮುಂದೆಯೂ ಆಡಿರಲಿಲ್ಲ. ಒಬ್ಬಳೇ ಹೋಗುತ್ತಿರುವ ಈ ಹೆಂಗಸಿಗೆ ಮೋಡದ ನಡುವೆ ಅದು ಬೇರೆಯೇ ಥರ ಕೇಳಿಸಿತು.

ಕಣ್ಣು ಹತ್ತುವುದರೊಳಗೆ ವಿಮಾನ ಇಳಿಯತೊಡಗಿತು. ಮೊಬೈಲ್ ಹೇಳಿದ್ದು ಸುಳ್ಳಲ್ಲ, ಆಕಾಶದ ದಾರಿ ಅಷ್ಟೇ ಇತ್ತು.

ಮೆಟ್ಟಿಲು ಇಳಿದರೆ ಎದುರಿಗೆ ಉದ್ದನೆಯ ಬಸ್ಸು. ಸುಂದ್ರವ್ವ ಕಂಬ ಹಿಡಿದು ನಿಂತಳು. ಮುಂದೆ ಕನ್ನಡಿಯಲ್ಲಿ ಎರಡು ಕಣ್ಣು ಆಕೆಯನ್ನೇ ನೋಡುತ್ತಿದ್ದವು. ಗಜಾನನ. ಮೇಲಿನವರನ್ನು ಕೇಳಿಕೊಂಡು ಆ ಸರದಿ ತಾನೇ ಹಾಕಿಸಿಕೊಂಡಿದ್ದ. ಬರ್ರಿ ಅತ್ಯಾರ, ಕುಂಡ್ರಾಕ ಜಾಗಾ ಇಲ್ಲ, ಅಂತ ಮೆಲ್ಲಗೆ ಅಂದ. ಬಸ್ಸು ನಿನ್ನದ, ನಿಂತು ಜೋತಾಡಾಕ ನಾ ಬಂದೇನಿ, ನೀ ಮುಂದ ನೋಡಿ ಹೊಡಿ, ಅಂದಳು ಸುಂದ್ರವ್ವ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಿರಣಿಯ ದನಿ.

ಅವನ ಪಾಳಿ ಮುಗಿಯುವ ತನಕ ಕಾದು, ಅವನ ಜೊತೆ ಇನ್ನೊಂದು ಬಸ್ಸು, ಒಂದು ಆಟೋ. ಗುಡ್ಡವ್ವನ ಬಾಗಿಲು ಬಂದಾಗ ದೀಪ ಹಚ್ಚುವ ಹೊತ್ತು. ಎರಡು ಖೋಲಿಯ ಮನೆ, ಗ್ಯಾಸಿನ ಒಲೆ, ಗೋಡೆಗೆ ಕಣಗಲಾದಿಂದ ತಂದ ದೇವರ ಫೋಟೋ. ಗುಡ್ಡವ್ವ ಕಾಲಿಗೆ ನೀರು ಕೊಟ್ಟು, ಡಬ್ಬಿ ತೆರೆದು, ಬೆಂದ ಗಿಣ್ಣ ನೋಡಿ ಗಾಬರಿಯಾದಳು. ಪಂತದ ಸುದ್ದಿ ಆಕೆಗೂ ಮುಟ್ಟಿತ್ತು. ಹಸಿ ಹಾಲು ಎಲ್ಲಿ ಬೀಗತಿ ಅಂತ ಕೇಳಿದಳು. ನಡೆದದ್ದೆಲ್ಲ ಕೇಳಿ, ಬಾಗಿಲು ಮುಚ್ಚಿ ಬಂದಳು. ನಮ್ಮ ಒಲಿ ಮ್ಯಾಲೆನ ಆತಂತ ಹೇಳಿಬಿಡೋಣು, ಹುಡುಗರ ಬಾಳೇವಕ್ಕಿಂತ ಇದೊಂದು ಸುಳ್ಳು ದೊಡ್ಡದೇನು ಅಂದಳು.

ಸುಳ್ಳು ಬಹಳ ಸಸಾರ ಇತ್ತು. ಕೌಜಲಗಿಯಲ್ಲಿ ಎಲ್ಲರೂ ಅದನ್ನೇ ಕೇಳಲು ಕಾದಿದ್ದರು, ಬಹುಶಃ ರಾಜಪ್ಪ ಕೂಡ. ಆದರೆ ಇವತ್ತು ಸುಳ್ಳು ಹೇಳಿ ಗೆದ್ದರೆ ಕಟ್ಟಳೆ ಹಾಗೇ ನಿಲ್ಲುತ್ತದೆ. ನಾಳೆ ರಾಜಪ್ಪನ ಮೊಮ್ಮಗಳನ್ನು ಕೇಳಿ ಯಾರೋ ಬರುತ್ತಾರೆ, ಮತ್ತೆ ಒಂದು ಎಮ್ಮೆ, ಮತ್ತೆ ಒಂದು ಕಿಟ್ಲಿ.

ಫೋನ್ ಹಚ್ಚು ಅಂದಳು ಗಜಾನನನಿಗೆ.

ಆ ಕಡೆ ಕಾಜಲ್ ಎತ್ತಿದಳು. ದೊಡ್ಡಪ್ಪ ಮುಂಜಾನೆಯಿಂದ ಕಟ್ಟೆ ಬಿಟ್ಟು ಎದ್ದಿಲ್ಲ, ಅಪ್ಪ ಈಗ ತಾನೇ ಬಂದ, ಅಂದು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಕರು ಕೂಗುವ ಸದ್ದು ಬಂತು. ರಾಜಪ್ಪ ಕೆಮ್ಮಿದ.

“ಮುಟ್ಟಿದೇನು?”

“ಮುಟ್ಟೇನ್ರಿ ಭಾವಾರ.”

“ಹಾಲು?”

“ಹಾಲು ಮುಟ್ಟಲಿಲ್ಲರಿ. ವಿಮಾನದಾಗ ಹಸಿ ಹಾಲು ಬಿಡೂದಿಲ್ಲ. ಸಾಂಬ್ರಾದಾಗ ಚಹಾದಂಗಡಿ ಒಲಿ ಮ್ಯಾಲೆ ಬೇಯಿಸಿ ತಂದೇನಿ. ನೀವು ಹಾಕಿದ ಪಂತ ನಾ ಸೋತೆ.”

ಹಂಗಾರ ಮುಗೀತಲ್ಲ ಅಂತ ರಾಜಪ್ಪ ಅಂದ. ಗೆದ್ದ ದನಿ ಅಲ್ಲ ಅದು.

“ಮುಗೀಲಿಲ್ಲರಿ. ಮುಂಜಾನೆ ನಾ ನಿಮ್ಮ ಕಣ್ಮುಂದ ಕೊಟಿಗ್ಯಾಗ ಇದ್ದೆ. ದೀಪಾ ಹಚ್ಚೂ ಹೊತ್ತಿಗೆ ಇಲ್ಲಿ ಕುಂತೇನಿ. ಮಗಳಿಗೆ ಜಡ್ಡು ಅಂದ್ರ ನಾ ಅದ ದಿನಾ ಆಕಿ ಹಾಸಿಗಿ ಬಾಜೂ ಇರತೇನಿ. ಹಾಲು ಕೆಟ್ರ ಕೆಡಲಿ.” ಆಕೆ ತಡೆದಳು, ಆದರೆ ನಿಲ್ಲಲಿಲ್ಲ. “ಕಾಶೆವ್ವನ್ನ ದೂರ ಕೊಲ್ಲಲಿಲ್ಲರಿ ಭಾವಾರ. ಭಿವಂಡಿಗೆ ಅವಾಗೂ ಗಾಡಿ ಇತ್ತು. ನಮ್ಮ ಮನಿಯಿಂದ ಯಾರೂ ಹೊಂಡಲಿಲ್ಲ. ನಾ ಇವತ್ತ ಹೊಂಟು ಬಂದೇನಿ. ಲಗ್ನಾ ಆಕ್ಕೇತಿ. ನೀವು ಮುಂದ ನಿಂತ್ರ ನನಗ ಸಂತೋಷ. ನಿಲ್ಲಲಿಲ್ಲಂದ್ರ ನಾ ನಿಲ್ಲತೇನಿ.”

ಗುಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಜಾನನ ನೆಲ ನೋಡುತ್ತಿದ್ದ. ಫೋನಿನಲ್ಲಿ ಮತ್ತೆ ಕರುವಿನ ಕೂಗು ಬಂತು. ಆಮೇಲೆ ಕಾಜಲಳ ಸಣ್ಣ ದನಿ: ದೊಡ್ಡಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದ, ರುಮಾಲು ಝಾಡಿಸಲಿಲ್ಲ, ಕಟ್ಟೆಯ ಮೇಲೇ ಬಿಟ್ಟು ಹೋಗಿದ್ದಾನೆ. ಅದರ ಹಿಂದೆಯೇ ಪರಶುರಾಮನ ದನಿ, ಫೋನಿನಿಂದ ದೂರ ನಿಂತು ಆಡಿದ್ದು, ಆದರೂ ನೆಟ್ಟಗೆ ಕೇಳಿತು: “ನನ್ನ ಮಾತೂ ಅದ ಐತಿ ಅಂತ ಹೇಳು.”

ಸುಂದ್ರವ್ವ ಫೋನ್ ಇಟ್ಟಳು. ಅವರು ಒಪ್ಪದಿದ್ದರೆ ಅಂತ ಗುಡ್ಡವ್ವ ಕೇಳಿದಳು. ಹಿರಿಯರಿಲ್ಲದೆ ಮಾತುಕತೆ ಮುಗಿದಂತೆ ಹೇಗೆ ತಿಳಿಯುವುದು? ಲಗ್ನ ಗೊತ್ತಾಯಿತೆಂದು ಸಕ್ಕರೆ ಹಂಚುವುದು ಗಂಡಸರ ಕೆಲಸ, ಎರಡೂ ಕಡೆಯ ಹಿರಿಯರು ಕೂಡಬೇಕು.

“ನಿಮ್ಮ ಕಡೆ ಹಿರ್ಯಾರು ಯಾರು?”

“ಇವನ ಅಪ್ಪ ಹೋದ ಮ್ಯಾಲೆ ನಾನ.”

“ನಮ್ಮ ಕಡೆ ಇವತ್ತ ನಾ. ತಾ ಸಕ್ರಿ.”

ಗುಡ್ಡವ್ವ ಅಡುಗೆಮನೆಯಿಂದ ಸಕ್ಕರೆಯ ಡಬ್ಬಿಯನ್ನೇ ಹಿಡಿದು ಬಂದಳು. ತಾಟಿನಲ್ಲಿ ತರಬೇಕೆಂಬ ಎಚ್ಚರವೂ ಇರಲಿಲ್ಲ. ಸುಂದ್ರವ್ವ ಗಜಾನನನನ್ನು ದೇವರ ಫೋಟೋದ ಕೆಳಗೆ ಕೂಡಿಸಿ, ಮೂರು ಬೆರಳಿನಲ್ಲಿ ಸಕ್ಕರೆ ಎತ್ತಿ ಅವನ ಬಾಯಿಗೆ ಹಾಕಿದಳು. ಅಷ್ಟು ದೊಡ್ಡ ದೇಹದ ಹುಡುಗ ಕಣ್ಣು ಮುಚ್ಚಿ ಬಾಯಿ ತೆರೆದಿದ್ದ, ಸಣ್ಣ ಮಗುವಿನ ಹಾಗೆ. ಗುಡ್ಡವ್ವ ಸುಂದ್ರವ್ವನ ಬಾಯಿಗೆ ಹಾಕಿದಳು, ಸುಂದ್ರವ್ವ ಗುಡ್ಡವ್ವನ ಬಾಯಿಗೆ. ಸಕ್ಕರೆ ಅರ್ಧ ನೆಲಕ್ಕೆ ಚೆಲ್ಲಿತು.

ಮಾಘದಲ್ಲಿ ಒಳ್ಳೆಯ ಮುಹೂರ್ತಗಳಿರುತ್ತವೆ ಅಂತ ಗುಡ್ಡವ್ವ ಕಣ್ಣೊರೆಸಿಕೊಂಡಳು. ಆದರೆ ಎಲ್ಲಿ ಮಾಡುವುದು, ನಿಮ್ಮ ಭಾವ ಬಾಗಿಲು ತೆರೆಯದಿದ್ದರೆ?

ಸುಂದ್ರವ್ವ ನಾಲಿಗೆಯ ಮೇಲಿನ ಸಕ್ಕರೆ ಕರಗುವ ತನಕ ಕಾದಳು.

“ಮಂದೀನ ಕರಕೊಂಡು ನೆಟ್ಟಗ ಕೌಜಲಗಿಗೆ ಬರ್ರಿ ಬೀಗತಿ” ಅಂದಳು. “ಅಂಗಳ ದೊಡ್ಡದೈತಿ. ಅದರಾಗ ಅರ್ಧಾ ನಮ್ಮದು.”